ಚಳ್ಳಕೆರೆಯವರಿಗೆ ಕುರ್ಚಿ ಹಾಕು

ಕವಿಯನ್ನು ಪ್ರೀತಿಸಿದವನು ಮೊದಲು ಅವನ ಪದ್ಯಗಳಲ್ಲಿ ತನ್ನನ್ನು ಹುಡುಕುತ್ತಾನೆ. ನಾನೂ ಹುಡುಕಿದೆ. ಚಳ್ಳಕೆರೆಯ ನಮ್ಮ ಎಣ್ಣೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅವನ ಎರಡು ಸಂಕಲನಗಳನ್ನೂ ಸಾಲು ಬಿಡದೆ ಜಾಲಾಡಿದೆ. ಬಿ.ಜಿ. ಕೆರೆಯ ಅವರ ಮನೆಯಂಗಳದ ಬೇವಿನಮರ ಸಿಕ್ಕಿತು. ದನ ಕುರಿ ಮೇಯುವ ಕಾವಲಿನ ಹುಲ್ಲು ಸಿಕ್ಕಿತು. ಬಳ್ಳಾರಿ ಬಸ್ಸಿನ ಕಂಡಕ್ಟರ್ ಒಬ್ಬನ ಬೆವರಿದ ಕತ್ತು ಕೂಡ ಸಿಕ್ಕಿತು. ಶೇಂಗಾ ಎಣ್ಣೆಯ ವಾಸನೆ ಮಾತ್ರ ಎಲ್ಲೂ ಇರಲಿಲ್ಲ.

ಆ ಕಂಡಕ್ಟರ್ ಯಾರೆಂದು ತಿಳಿಯದೆ ನನಗೆ ಊಟ ಸೇರಲಿಲ್ಲ. ಕೆಲಸವಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಅದೇ ಬಸ್ಸಿನಲ್ಲಿ ರಾಂಪುರದವರೆಗೆ ಹೋಗಿ ಬಂದೆ, ಒಂದು ಸಲವಲ್ಲ, ಮೇಲಿಂದ ಮೇಲೆ. ಕೊನೆಗೆ ಆಸಾಮಿ ಸಿಕ್ಕಿದ. ಮೀಸೆ ನೆರೆತ ಮನುಷ್ಯ, ಚಾಲಕನ ಹತ್ತಿರ ಮೊಮ್ಮಗಳ ನಾಮಕರಣದ ಸುದ್ದಿ ಹೇಳುತ್ತಿದ್ದ. ಆದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಅಂಥ ಮುದುಕನ ಕತ್ತಿಗೆ ಪದ್ಯವಾಗುವ ಯೋಗವಿದೆ, ನನಗಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಪತ್ರಿಕೆಯವರು ಅವನನ್ನು ‘ಸಲಿಂಗಿ ಕವಿ, ಹೋರಾಟಗಾರ’ ಎಂದು ಕರೆಯುತ್ತಾರೆ. ಹೊಟ್ಟೆಪಾಡಿಗೆ ಅವನು ಚಳ್ಳಕೆರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹುಟ್ಟುಹಬ್ಬದ ಶುಭಾಶಯ, ಗೆದ್ದವರಿಗೆ ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ, ಎಲ್ಲದಕ್ಕೂ ಎರಡೆರಡು ಸಾಲು ಬರೆದುಕೊಡುತ್ತಾನೆ. ‘ತಾಲ್ಲೂಕಿನಾಗೆ ನನ್ನಷ್ಟು ಓದಿಸಿಕೊಂಡ ಕವಿ ಇಲ್ಲ ಕಣಲೇ, ದನ ಕೂಡ ಓದ್ತಾವೆ’ ಎಂದು ನಗುತ್ತಾನೆ. ನನಗೆ ಅವನು ಸಿಕ್ಕಿದ್ದೂ ಅಲ್ಲೇ. ನಮ್ಮ ಅಜ್ಜ ತೀರಿಕೊಂಡಾಗ ಬೋರ್ಡು ಮಾಡಿಸಲು ಹೋಗಿದ್ದೆ. ಅಜ್ಜ ಹೇಗಿದ್ದರು ಎಂದು ಕೇಳಿದ. ಕೈಗೆ ಸಿಕ್ಕ ಮಕ್ಕಳ ತಲೆಗೆಲ್ಲ ಎಣ್ಣೆ ಒತ್ತುತ್ತಿದ್ದರು ಎಂದೆ. ಅವನು ಬರೆದ ಎರಡು ಸಾಲು ಓದಿ, ಅತ್ತಿದ್ದನ್ನು ನಾನು ಕಂಡೇ ಇರದ ನಮ್ಮಪ್ಪ ರಸ್ತೆಯಲ್ಲಿ ನಿಂತು ಅತ್ತರು. ಅವತ್ತು ನಾನು ಕೆಟ್ಟೆ.

ಅವನು ತನ್ನ ವಿಷಯವನ್ನು ಯಾರಿಗೂ ಮುಚ್ಚಿಟ್ಟವನಲ್ಲ. ಮುಚ್ಚಿಟ್ಟುಕೊಂಡವನು ನಾನು. ನಮ್ಮದು ನಾಲ್ಕು ಜನಕ್ಕೆ ಗೊತ್ತಿರುವ ಮನೆತನ, ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮಂದಿ. ವರ್ಷಕ್ಕೆ ಎರಡು ಸಲವಾದರೂ ಅವ್ವ ನನಗೊಂದು ಹೆಣ್ಣಿನ ಫೋಟೋ ತೋರಿಸುತ್ತಿದ್ದಳು, ನಾನು ಒಂದಲ್ಲ ಒಂದು ನೆವ ಹೇಳುತ್ತಿದ್ದೆ. ಹಾಗಾಗಿ ಯಾರಾದರೂ ಕೇಳಿದರೆ ನಾನು ‘ಎಣ್ಣೆ ವ್ಯಾಪಾರದ ಸ್ನೇಹಿತ’. ಹಾಗೆ ಹೇಳು ಎಂದು ಅವನಿಗೆ ಕಲಿಸಿದ್ದೂ ನಾನೇ. ಹೇಳಿದಾಗಲೆಲ್ಲ ಮುಖ ಊದಿಸಿಕೊಳ್ಳುತ್ತಿದ್ದವನೂ ನಾನೇ.

ಒಂದು ಸಲ ತಡೆಯಲಾರದೆ ಕೇಳಿಬಿಟ್ಟೆ, ‘ನನ್ನ ಮೇಲೆ ಯಾಕೆ ಒಂದು ಪದ್ಯ ಬರೆದಿಲ್ಲ ನೀನು?’

‘ಬರೆದ್ರೆ ಎಲ್ರ ಮುಂದೆ ಓದಬೇಕಾಗ್ತೈತೆ. ಓದಿದ್ರೆ ನೀನು ಅಲ್ಲಿ ಕುಂತಿರ್ತೀಯಾ, ಎದ್ದು ಹೋಗ್ತೀಯಾ?’

ಅಂಗಡಿಗೆ ಹೊತ್ತಾಯಿತು ಎಂದು ನಾನು ಎದ್ದೆ.

ಅವನ ಕೂಟದ ಕತೆ ಹೇಳಬೇಕು. ನಮ್ಮಂಥವರು ತಿಂಗಳಿಗೊಮ್ಮೆ ಒಂದೆಡೆ ಸೇರಲಿ, ಮಾತಾಡಲಿ, ನಾಲ್ಕು ಪದ್ಯ ಕೇಳಲಿ ಎಂದು ಅವನು ಶುರು ಮಾಡಿದ್ದು. ಮೊದಮೊದಲು ದೊಡ್ಡಉಳ್ಳಾರ್ತಿಯ ಕಡೆ, ಕಾವಲಿನ ಅಂಚಿನಲ್ಲಿ ಸೇರುತ್ತಿದ್ದರು. ಕುರಿ ಕಾಯುವವರನ್ನು ಬಿಟ್ಟರೆ ಅಲ್ಲಿ ಯಾರೂ ಕೇಳುವವರಿರಲಿಲ್ಲ. ಆಮೇಲೆ ಕಾವಲು ಸರ್ಕಾರದ ಸಂಸ್ಥೆಗಳ ಪಾಲಾಗಿ ಅಲ್ಲಿ ಗೋಡೆ ಎದ್ದಿತು, ಗೇಟು ಬಂತು, ಗೇಟಿನ ಹತ್ತಿರ ಕಾವಲುಗಾರ ಬಂದ. ಚಳ್ಳಕೆರೆಯ ಹೋಟೆಲುಗಳಲ್ಲಿ ನಾಲ್ಕು ಜನ ಜಾಸ್ತಿ ಹೊತ್ತು ಕೂತರೆ ಮಾಣಿ ಟೇಬಲ್ ಒರೆಸಲು ಶುರು ಮಾಡುತ್ತಾನೆ. ಕೊನೆಗೆ ಅವನು ತನ್ನ ಅವ್ವನನ್ನು ಕೇಳಿದ. ‘ಅಂಗಳ ಐತಲ್ಲ, ಬರ್ಲಿ’ ಎಂದಳಂತೆ.

ಆ ಅವ್ವ ಮದುವೆಯಾಗಿ ಬಂದದ್ದು ರಾಯದುರ್ಗದ ಕಡೆಯಿಂದ. ಪ್ರೀತಿ ಉಕ್ಕಿದರೆ ತೆಲುಗು, ಸಿಟ್ಟು ಬಂದರೆ ಇನ್ನೂ ಜಾಸ್ತಿ ತೆಲುಗು. ಗಂಡ ಇಲ್ಲ. ಒಂದಿಷ್ಟು ಹೊಲ, ಎರಡು ಎಮ್ಮೆ, ಈ ಮಗ, ಅವನಿಗಿಂತ ಚಿಕ್ಕವಳಾದ ಒಬ್ಬ ಮಗಳು.

ನಾನು ಆ ಮನೆಗೆ ಮೊದಲು ಹೋದ ದಿನ ಚೆನ್ನಾಗಿ ನೆನಪಿದೆ. ಅವ್ವ ಸೀರೆ ಎತ್ತಿ ಕಟ್ಟಿ, ಬರಿತಲೆಯಲ್ಲಿ, ಹಿತ್ತಲಿಗೆ ನುಗ್ಗಿದ ಯಾರದೋ ಕೋಳಿಗಳನ್ನು ಓಡಿಸುತ್ತಿದ್ದಳು. ನನ್ನನ್ನು ಕಂಡು ‘ಬಾರಪ್ಪ, ಬಾ, ಬಿಸಿಲಾಗೆ ಬಂದೀಯ’ ಎಂದಳು. ಆ ಒಂದು ‘ಬಾರಪ್ಪ’ಕ್ಕೆ ನನ್ನ ಎದೆ ತುಂಬಿತು. ನನ್ನನ್ನು ಹೊರಗೆ ನಿಲ್ಲಿಸಿ ಮಗ ಒಳಗೆ ಹೋದ. ಅಡುಗೆಮನೆಯಲ್ಲಿ ಅವ್ವ ಮಗ ಏನೋ ಮಾತಾಡಿದರು. ಹೆಚ್ಚು ಹೊತ್ತೇನಲ್ಲ. ಆಮೇಲೆ ಅವಳು ಬಾಗಿಲಿಗೆ ಬಂದಾಗ ಬೇರೆಯೇ ಹೆಂಗಸಾಗಿದ್ದಳು. ತಲೆಯ ಮೇಲೆ ಸೆರಗು. ಕಣ್ಣು ನೆಲದ ಮೇಲೆ. ನನ್ನ ಕಡೆ ತಿರುಗದೆ, ದನಿ ತಗ್ಗಿಸಿ, ಮಗನಿಗೆ ಹೇಳಿದಳು: ‘ಚಳ್ಳಕೆರೆಯವರಿಗೆ ಕುರ್ಚಿ ಹಾಕು.’

ಇವನು ಹೇಳಿಬಿಟ್ಟಿದ್ದಾನೆ, ಅವಳು ಬಾಗಿಲು ಹಾಕಿಕೊಂಡಳು ಎಂದು ನನಗೆ ಖಚಿತವಾಯಿತು.

ಅವತ್ತಿನಿಂದ ಏಳೆಂಟು ವರ್ಷ ಅದೇ ಕುರ್ಚಿ. ಕೈ ಇರುವ ಕೆಂಪು ಪ್ಲಾಸ್ಟಿಕ್ ಕುರ್ಚಿ, ನಾನು ಹೋದಾಗ ಮಾತ್ರ ಒಳಗಿನಿಂದ ಬರುತ್ತಿತ್ತು. ಕೂಟಕ್ಕೆ ಬರುವ ಉಳಿದವರೆಲ್ಲ ಅಂಗಳದಲ್ಲಿ ಹಾಸಿದ ಕಂಬಳಿಯ ಮೇಲೆ ಉರುಳಾಡುತ್ತಿದ್ದರು. ಅವರಿಗೆಲ್ಲ ಅವಳು ಅವ್ವ. ‘ಏರಾ, ಮುಖ ತೊಳ್ಕಂಡು ಬಂದೀಯೋ ಇಲ್ವೋ?’ ‘ಲೇ ಕೋತಿ, ಹಸಿಮೆಣಸಿನಕಾಯಿ ತಗಂಬಾ.’ ಒಬ್ಬನ ಕಿವಿ ಹಿಂಡುವಳು, ಇನ್ನೊಬ್ಬನ ತಟ್ಟೆಯಿಂದಲೇ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಳ್ಳುವಳು. ನಾನೊಬ್ಬ ಮಾತ್ರ ಕುರ್ಚಿಯ ಮೇಲೆ, ಊರಿಗೆ ಬಂದ ಅಧಿಕಾರಿಯ ಹಾಗೆ. ನನಗೆ ಬೇರೆ ತಟ್ಟೆ, ಬೇರೆ ಲೋಟ, ಮೊದಲು ನೀರು, ಮೊದಲು ಊಟ. ಅವರಿಗೆ ಬಾಡಿನ ಸಾರು ಕುದಿಯುವ ದಿನ ನನಗೆಂದು ಬೇರೆ ಒಲೆ. ನನ್ನ ಹೆಸರು ಅವಳ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ನಾನು ಅಲ್ಲೇ, ಕೈಗೆ ಸಿಗುವಷ್ಟು ದೂರದಲ್ಲಿ ಕೂತಿರುವಾಗಲೇ ಬಾಗಿಲ ಹಿಂದಿನಿಂದ ಮಗನಿಗೆ, ‘ಕೇಳಪ್ಪ ಅವರಿಗೆ, ಇನ್ನೊಂದು ರೊಟ್ಟಿ ಹಾಕ್ಲಾ ಅಂತ.’ ಇವನು ತಮಾಷೆಗೆ ನನ್ನತ್ತ ತಿರುಗಿ, ‘ಹಾಕ್ಲಾ ಅಂತೆ’ ಎನ್ನುವನು. ನಾನು ಬೇಡ ಎನ್ನುವೆ. ‘ಬ್ಯಾಡವಂತೆ ಕಣವ್ವ.’ ಎಲ್ಲರೂ ನಗುವರು. ನನಗೆ ಮೈ ಉರಿದುಹೋಗುತ್ತಿತ್ತು.

ಒಲಿಸಿಕೊಳ್ಳಲು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಹೋದಾಗಲೆಲ್ಲ ಗಾಣದ ಎಣ್ಣೆಯ ಕ್ಯಾನು ಒಯ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟ ಮೇಲೆ ಒಯ್ಯುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ಕುರ್ಚಿ ಬಿಟ್ಟು ಕಂಬಳಿಯ ಮೇಲೆ ಕೂತೆ. ಒಳಗಿನಿಂದ ಪಾತ್ರೆಯ ಸದ್ದು ನಿಂತಿತು. ‘ಅವರು ಯಾಕೆ ಕೆಳಗೆ ಕುಂತ್ರು? ಏನಾರ ಬ್ಯಾಸರಾತಾ?’ ಎಂದು ಗಾಬರಿಯಿಂದ ಕೇಳುವುದು ಕೇಳಿಸಿತು. ಮತ್ತೆ ಎದ್ದು ಕುರ್ಚಿಗೆ ಹೋದೆ.

ಅವನ ಕೆಲಸದ ರೀತಿಯನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ಊರೂರುಗಳಲ್ಲಿ ಮಗನನ್ನು ಹೊಡೆದ ಅಪ್ಪ, ಬಲವಂತಕ್ಕೆ ಹೆಣ್ಣು ನೋಡುತ್ತಿರುವ ಅಪ್ಪ, ಹೀಗೆ ಸುದ್ದಿ ಬಂದರೆ ಇವನು ಅಲ್ಲಿಗೆ ಹೋಗುತ್ತಾನೆ. ಹೋಗಿ ಭಾಷಣ ಮಾಡುವುದಿಲ್ಲ. ಶೇಂಗಾ ಕಿತ್ತು ರಾಶಿ ಹಾಕಿದ ಕಾಲವಾದರೆ ಕಾಯಿ ಬಿಡಿಸುವವರ ನಡುವೆ ಕೂತು ತಾನೂ ಬಿಡಿಸುತ್ತಾನೆ. ಮಳೆ, ಬೆಲೆ, ಹಂದಿ ಕಾಟ, ಬೇಕಾದ್ದು ಮಾತಾಡುತ್ತಾನೆ, ಬಂದ ವಿಷಯ ಒಂದನ್ನು ಬಿಟ್ಟು. ರಾಶಿ ಕರಗುವ ಹೊತ್ತಿಗೆ ಅಪ್ಪನೇ ತಲೆ ಎತ್ತದೆ, ‘ನಮ್ಮ ಹುಡುಗ ಹಿಂಗ್ಯಾಕ್ರಿ?’ ಎಂದು ಕೇಳುತ್ತಾನೆ. ಆಗ ಇವನು ಮಾತು ತೆಗೆಯುತ್ತಾನೆ.

‘ಕೈಗೆ ಕೆಲ್ಸ ಇದ್ರೆ ಮಖ ನೋಡದು ತಪ್ತೈತೆ ಕಣಲೇ. ಮಖ ನೋಡದಿದ್ರೆ ಅಪ್ಪಂದ್ರು ಏನ್ ಬೇಕಾದ್ರೂ ಕೇಳ್ತಾರೆ’ ಎನ್ನುತ್ತಾನೆ.

ಎಲ್ಲ ಕಡೆ ಗೆದ್ದಿದ್ದಾನೆ ಎಂದಲ್ಲ. ಒಂದು ಕಡೆ ನಾಯಿ ಬಿಟ್ಟರು, ಇನ್ನೊಂದು ಕಡೆ ಬೈಕಿನ ಟೈರು ಕೊಯ್ದರು. ಆದರೆ ಊರವರ ಅಪ್ಪಂದಿರಿಗೆಲ್ಲ ಕಾಯಿ ಬಿಡಿಸಿಕೊಡುವ ಮನುಷ್ಯ ನಮ್ಮಪ್ಪನ ಮುಂದೆ ಒಂದು ದಿನ ಕೂರಲಿಲ್ಲ. ಬೇಡವೆಂದದ್ದು ನಾನೇ ಎನ್ನುವುದು ಬೇರೆ ಮಾತು. ಬೇಡವೆಂದರೂ ಬರುವಷ್ಟು ಹಟ ಅವನಿಗೆ ನನ್ನ ಮೇಲೆ ಇರಬಾರದೇ?

ಇಷ್ಟರಲ್ಲಿ ಸೀರೆ ಅಂಗಡಿಯವನು ಬಂದ. ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ ಅವನದು. ಮೂವತ್ತರ ಪ್ರಾಯ, ಮಾತು ಬೆಣ್ಣೆ. ಇವನ ಪದ್ಯಗಳೆಲ್ಲ ಅವನಿಗೆ ಬಾಯಿಪಾಠ. ಕವಿ ಓದುವಾಗ ಒಂದು ಸಾಲು ಮರೆತರೆ ಅವನು ಎತ್ತಿಕೊಡುತ್ತಿದ್ದ. ಅವ್ವನ ಹಳೆಯ ಸೀರೆಯ ಸೆರಗು ಹರಿದಾಗ ಅಂಗಡಿಯಿಂದ ಅದೇ ಬಣ್ಣದ ದಾರ ತಂದು ಕೂತು ಹೊಲಿದುಕೊಟ್ಟ. ಬಂದ ಎರಡನೆಯ ತಿಂಗಳಿಗೇ ಅವನು ಅಡುಗೆಮನೆಯೊಳಗೆ ಓಡಾಡುತ್ತಿದ್ದ. ನಾನು ಅಷ್ಟು ವರ್ಷದಲ್ಲಿ ಆ ಹೊಸ್ತಿಲು ದಾಟಿರಲಿಲ್ಲ. ಕುರ್ಚಿಯ ಮೇಲೆ ಕೂತು ನಾನು ಅವರ ನಗು ಎಣಿಸುತ್ತಿದ್ದೆ.

ಆ ಮಾಘದ ಕೂಟದಲ್ಲಿ ಕವಿ ಹೊಸ ಪದ್ಯ ಓದಿದ. ಸೀರೆ ಬಿಡಿಸುವ ಕೈಗಳ ಮೇಲೆ. ದಿನವಿಡೀ ಬೇರೆಯವರ ಮದುವೆಗೆ ಬಣ್ಣ ಆರಿಸಿಕೊಟ್ಟು, ಸಂಜೆ ಎಲ್ಲವನ್ನೂ ಮತ್ತೆ ಮಡಿಸಿಡುವ ಕೈಗಳು. ಪದ್ಯ ಚೆನ್ನಾಗಿತ್ತು. ಅದೇ ನನ್ನನ್ನು ಕೊಂದದ್ದು. ಕೆಟ್ಟದಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಸೀರೆ ಅಂಗಡಿಯವನು ಅಳುತ್ತಿದ್ದ, ಅವ್ವ ಹೊರಗೆ ಬಂದು ಅವನ ತಲೆ ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಾನು ಊಟಕ್ಕೂ ನಿಲ್ಲದೆ ಸ್ಕೂಟರ್ ಹತ್ತಿದೆ.

ಕವಿಯ ಫೋನು ತೆಗೆಯಲಿಲ್ಲ. ಫ್ಲೆಕ್ಸ್ ಅಂಗಡಿಯ ರಸ್ತೆ ಬಿಟ್ಟು ಸುತ್ತಿಕೊಂಡು ಓಡಾಡಿದೆ. ಮನೆಯಲ್ಲಿ ನಮ್ಮವ್ವ ಮತ್ತೊಂದು ಹೆಣ್ಣಿನ ಫೋಟೋ ತೋರಿಸಿದಾಗ ಬೇಡ ಎನ್ನದೆ ಸುಮ್ಮನೆ ನೋಡಿದೆ. ಅವಳ ಮುಖ ಅರಳಿದ್ದು ಕಂಡು ಹೆದರಿಕೆಯಾಯಿತು. ಹೀಗೇ ವಾರಗಳು ಕಳೆದು ಉಗಾದಿ ಹತ್ತಿರ ಬಂತು. ಅವನಿಂದ ಒಂದು ಮೆಸೇಜು ಬಂತು: ‘ಅವ್ವ ಹಬ್ಬಕ್ಕೆ ಕರೆದಾಳೆ. ನಾನಲ್ಲ, ಅವಳೇ. ನೀನು ಬರದಿದ್ರೆ ಹೋಳಿಗೆ ಮಾಡಲ್ಲವಂತೆ.’

ಹಬ್ಬದ ದಿನ ನಾನು ಎಂದೂ ಅಲ್ಲಿಗೆ ಹೋದವನಲ್ಲ. ಹಬ್ಬಕ್ಕೆ ನಮ್ಮ ಮನೆಯಲ್ಲೇ ಇರಬೇಕಿತ್ತು. ಆದರೆ ಈ ಸಲ ಹೋಗಿ ಮುಖಕ್ಕೆ ಮುಖ ಕೊಟ್ಟು ಮುಗಿಸಿ ಬರೋಣ ಎಂದುಕೊಂಡೆ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿ ಹೇಳಿ ನೋಡಿದೆ. ನಿನ್ನ ಮನೆಯಲ್ಲಿ ನನಗೆ ಜಾಗವಿಲ್ಲ, ನಿನ್ನ ಪದ್ಯದಲ್ಲೂ ಇಲ್ಲ, ಇನ್ನು ನಾನು ಬರುವುದಿಲ್ಲ.

ಅಂಗಳ ತುಂಬಿತ್ತು. ಹಬ್ಬಕ್ಕೆ ತಮ್ಮ ತಮ್ಮ ಮನೆಗಳಲ್ಲಿ ಕರೆಯುವವರಿಲ್ಲದವರೆಲ್ಲ ಅಲ್ಲಿಗೆ ಬಂದಿದ್ದರು. ಬಾಗಿಲಿಗೆ ಮಾವಿನೆಲೆ. ಅವ್ವ ಹೊರಗಿನ ಒಲೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ಸೀರೆ ಅಂಗಡಿಯವನು ಹೋಳಿಗೆ ತಟ್ಟುತ್ತಿದ್ದ. ‘ಏರಾ, ಬುದ್ಧಿ ಲೇದಾ ನೀಕು? ಹೂರಣ ಎಲ್ಲಾ ಈಚೆಗೆ ಬರ್ತೈತೆ’ ಎಂದು ಬೈಸಿಕೊಂಡು ಹಲ್ಲು ಕಿರಿಯುತ್ತಿದ್ದ. ನನ್ನನ್ನು ಕಂಡದ್ದೇ ಅವ್ವ ಸೆರಗು ಎಳೆದುಕೊಂಡು ಎದ್ದು ಒಳಗೆ ಹೋದಳು. ‘ಚಳ್ಳಕೆರೆಯವರಿಗೆ ಕುರ್ಚಿ ಹಾಕು.’ ಕೆಂಪು ಕುರ್ಚಿ ಬಂತು. ಇರಲಿ, ಇದು ಕೊನೆಯ ಸಲ ಎಂದು ಕೂತೆ.

ಕವಿ ಬೇವಿನಮರದ ಕೆಳಗೆ ಯಾರ ಜೊತೆಗೋ ಫೋನಿನಲ್ಲಿದ್ದ. ಅವನ ಮಾತು ಮುಗಿಯಲಿ ಎಂದು ಕಾಯುತ್ತಿದ್ದೆ. ಅವ್ವ ಮತ್ತೆ ಒಲೆಯ ಹತ್ತಿರ ಬಂದು, ನನ್ನ ಕಡೆ ಬೆನ್ನು ಹಾಕಿ ಕೂತು, ಬೈಗುಳ ಮುಂದುವರಿಸಿದಳು. ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಅವಳ ಮಗಳು ಇಳಿದಳು, ಜೊತೆಗೆ ಅವಳ ಗಂಡ. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ರಾಂಪುರದ ಕಡೆ ಟ್ರ್ಯಾಕ್ಟರ್ ಇಟ್ಟುಕೊಂಡವರು. ಕೂಟದ ಮಂದಿಯನ್ನು ಕಂಡರೆ ಆಗದು, ಹಬ್ಬಕ್ಕಷ್ಟೇ ಬರುತ್ತಾರೆ ಎಂದು ಕೇಳಿದ್ದೆ. ಮದುವೆಯಲ್ಲಿ ಕಂಡದ್ದು ಬಿಟ್ಟರೆ ನಾನು ಅವರನ್ನು ನೋಡಿರಲಿಲ್ಲ.

ಬೈಕಿನ ಸದ್ದು ನಿಲ್ಲುವ ಮೊದಲೇ ಅವ್ವ ಲಟ್ಟಣಿಗೆ ಬಿಟ್ಟಳು. ಎತ್ತಿ ಕಟ್ಟಿದ್ದ ಸೀರೆ ಇಳಿಸಿದಳು. ಜಾರಿದ್ದ ಸೆರಗು ಮತ್ತೆ ತಲೆಯ ಮೇಲೆ ಬಂತು. ಬಾಗಿಲ ಹಿಂದೆ ಸರಿದು, ಕಣ್ಣು ನೆಲದ ಮೇಲಿಟ್ಟು, ದನಿ ತಗ್ಗಿಸಿ ಮಗನನ್ನು ಕೂಗಿದಳು.

‘ರಾಂಪುರದವರಿಗೆ ಕುರ್ಚಿ ಹಾಕು.’

ನನ್ನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂತು. ಅದಕ್ಕೆ ಕೈ ಇರಲಿಲ್ಲ.

ನನಗೆ ನಮ್ಮ ಅಜ್ಜಿ ನೆನಪಾದಳು. ಸೋದರತ್ತೆಯ ಗಂಡ ನಮ್ಮ ಮನೆಗೆ ಬಂದರೆ ಅಜ್ಜಿ ಸಾಯುವ ತನಕ ಬಾಗಿಲ ಹಿಂದೆಯೇ ನಿಂತಳು. ಹೆಸರು ಹಿಡಿದು ಕರೆಯಲಿಲ್ಲ, ಎದುರಿಗೆ ಕೂರಲಿಲ್ಲ, ಅವರಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ‘ಕೇಳಪ್ಪ ಮಾವಗೆ, ತುಪ್ಪ ಹಾಕ್ಲಾ ಅಂತ.’ ಆ ಆಟದಲ್ಲಿ ನಡುವಿನವನಾಗಿ ಬೆಳೆದವನು ನಾನು. ಅಳಿಯನ ಮುಂದೆ ಅತ್ತೆ ಹೇಗಿರುತ್ತಾಳೆ ಎಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಏಳೆಂಟು ವರ್ಷ ಕಣ್ಣ ಮುಂದೆಯೇ ಇದ್ದದ್ದು ಕಾಣಲಿಲ್ಲ. ಬಾಗಿಲ ಹಿಂದೆ ಹೆಣ್ಣುಮಕ್ಕಳ ತಾಯಂದಿರು ನಿಲ್ಲುತ್ತಾರೆ. ನನ್ನನ್ನು ಕಂಡು ಒಬ್ಬಳು ಹಾಗೆ ನಿಂತಾಳು ಎಂಬ ಯೋಚನೆಗೆ ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ.

ಇನ್ನೂ ಸಾವರಿಸಿಕೊಂಡಿರಲಿಲ್ಲ, ಮಗಳು ಚೊಂಬಿನಲ್ಲಿ ನೀರು ತಂದಳು. ಸಹಜವಾಗಿಯೇ ತನ್ನ ಗಂಡನ ಕಡೆ ಹೋದಳು. ಅವರು ಕೈ ಚಾಚಿದ್ದರು.

‘ಎಲ್ಲಿಗೋಗ್ತೀಯೇ?’ ಬಾಗಿಲ ಹಿಂದಿನಿಂದ ದನಿ ಬಂತು. ತಗ್ಗಿದ ದನಿಯೇ, ಆದರೆ ಅಂಗಳಕ್ಕೆಲ್ಲ ಕೇಳಿಸಿತು. ‘ಮೊದ್ಲು ಚಳ್ಳಕೆರೆಯವರಿಗೆ ಕೊಡು. ಹಿರೇ ಅಳಿಯಾರು ಕುಂತಿರ್ವಾಗ ಕಿರೇರಿಗೆ ಮೊದ್ಲು ನೀರು ಕೊಡ್ತಾರಾ ಯಾರಾದ್ರೂ?’

ಒಲೆಯಲ್ಲಿ ಹೋಳಿಗೆ ಸೀಯುವ ವಾಸನೆ ಬಂತು. ಯಾರೂ ಅದನ್ನು ಮಗುಚಲಿಲ್ಲ. ಸೀರೆ ಅಂಗಡಿಯವನು ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ವರ್ಷ ನಾನು ಅವರನ್ನೆಲ್ಲ ನೋಡಿದ್ದು ಅದೇ ನೋಟದಿಂದ. ಎಷ್ಟು ಹೋಳಿಗೆ ತಟ್ಟಿದರೂ, ಎಷ್ಟು ಸೆರಗು ಹೊಲಿದರೂ, ಅವನ ಮುಂದೆ ಅವಳು ತಲೆಯ ಮೇಲೆ ಸೆರಗು ಹಾಕಿಕೊಳ್ಳುವುದಿಲ್ಲ. ನನ್ನ ಕಿವಿಯನ್ನೂ ಅವಳು ಎಂದೂ ಹಿಂಡುವುದಿಲ್ಲ. ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಹೋಗಿಲ್ಲ.

ಬೇವಿನಮರದ ಕೆಳಗೆ ಅವನು ಫೋನು ಕಿವಿಯಿಂದ ಇಳಿಸಿದ್ದ. ‘ಸೊಸೆ ಅಂದಿದ್ರೆ ಇಷ್ಟೊತ್ತಿಗೆ ನಿನ್ನ ಕೈಲಿ ರೊಟ್ಟಿ ತಟ್ಟಿಸ್ತಿದ್ಲು, ಬದುಕ್ಕಂಡೆ’ ಎಂದ. ಯಾರೂ ನಗಲಿಲ್ಲ. ಹಿಂದೆ ನಾನು ಉತ್ತರ ಕೊಡದೆ ಬಿಟ್ಟಿದ್ದ ಪ್ರಶ್ನೆಯನ್ನೇ ಅವನ ಕಣ್ಣು ಮತ್ತೆ ಕೇಳುತ್ತಿತ್ತು: ಕುಂತಿರ್ತೀಯಾ, ಎದ್ದು ಹೋಗ್ತೀಯಾ?

ಪಕ್ಕದಲ್ಲಿದ್ದವರು ರಾಂಪುರದವರು. ಅವರ ಶೇಂಗಾ ಬರುವುದು ಚಳ್ಳಕೆರೆಯ ಮಂಡಿಗೆ, ನಮ್ಮ ಅಂಗಡಿಯ ಮುಂದೆಯೇ. ಇಲ್ಲಿ ಆಡಿದ ಮಾತು ಹಬ್ಬ ಮುಗಿಯುವುದರೊಳಗೆ ನಮ್ಮಪ್ಪನ ಕಿವಿ ಮುಟ್ಟುತ್ತದೆ. ಎದ್ದು, ನಾನು ಎಣ್ಣೆ ಕೊಡಲು ಬಂದವನು, ಅಮ್ಮನವರು ತಪ್ಪು ತಿಳಿದಿದ್ದಾರೆ ಎನ್ನಬಹುದಿತ್ತು. ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು.

ಮಗಳು ಚೊಂಬು ಹಿಡಿದು ನನ್ನ ಮುಂದೆ ನಿಂತಳು. ನಾನು ಕೀಲಿಯನ್ನು ಜೇಬಿಗೆ ಹಾಕಿ ಚೊಂಬು ತೆಗೆದುಕೊಂಡೆ.

ರಾಂಪುರದವರ ಮುಖ ಕೆಂಪಗಾಗಿತ್ತು. ಚಾಚಿದ್ದ ಕೈಯನ್ನು ತೊಡೆಯ ಮೇಲೆ ಒರೆಸಿಕೊಂಡರು. ಏನೋ ದೊಡ್ಡ ಮಾತು ಬರುತ್ತದೆ ಎಂದುಕೊಂಡೆ. ಬಂದದ್ದು ಬರೀ ಹೊಟ್ಟೆಕಿಚ್ಚು.

‘ನೀವು ಈ ಮನೀಗೆ ಬರಾಕಿಡಿದು ಎಷ್ಟು ವರ್ಷ ಆತ್ರಿ?’

‘ನಿಮಗಿಂತ ಮುಂಚೆ’ ಎಂದೆ.

ಅವರು ತಮ್ಮ ಕುರ್ಚಿಯನ್ನು ನನ್ನ ಕುರ್ಚಿಗಿಂತ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡು ಕೂತರು. ನಾನು ನೀರು ಎತ್ತಿ ಕುಡಿದು ಚೊಂಬನ್ನು ಅವರ ಕೈಗೆ ಕೊಟ್ಟೆ.